ಮೆಂತ್ಯ ತಿನ್ನುವ ಜಿಂಕೆ

ಮತ್ತೆ ತಿಂದಿದ್ದವು. ತೊರೆಯ ಕಡೆಯ ಸಾಲುಗಳ ಮೆಂತ್ಯ ಬುಡದವರೆಗೆ ಬೋಳಾಗಿತ್ತು. ಒದ್ದೆ ಮಣ್ಣಿನಲ್ಲಿ ಗೊರಸಿನ ಗುರುತು, ಒಂದು ದೊಡ್ಡದು, ಅದರ ಹಿಂದೆ ಮುಂದೆ ಎರಡು ಸಣ್ಣವು. ನಾನು ಸಾಲಿನ ನಡುವೆ ನಿಂತು ಬೈದೆ. ಕನ್ನಡದಲ್ಲಿ ಶುರುಮಾಡಿ, ತುಳುವಿಗೆ ಹೋಗಿ, ಇಂಗ್ಲಿಷಿನಲ್ಲಿ ಮುಗಿಸಿದೆ. ಕೇಳುವವರು ಯಾರೂ ಇರಲಿಲ್ಲ.

ಜಿಂಕೆ ಮೆಂತ್ಯ ತಿನ್ನಬಾರದು. ನನ್ನ ಹೊಟ್ಟೆ ಉರಿಸಿದ್ದು ಇದು. ಬೇಸಿಗೆಯಲ್ಲಿ ಹಾಕಿದ ಅಲಸಂದೆಯನ್ನು ತಿಂದು ಮುಗಿಸಿದವು, ಸರಿ, ಅಲಸಂದೆ ಎಂದರೆ ಅವಕ್ಕೆ ಹಬ್ಬ. ಆಮೇಲೆ ಜಾಗದ ಒಡತಿ ಮಿಸ್ ಅರ್ಲೀನ್, ಘಾಟು ವಾಸನೆಯ ಸೊಪ್ಪಿಗೆ ಅವು ಬಾಯಿ ಹಾಕುವುದಿಲ್ಲ, ಅಂಥದ್ದು ಏನಾದರೂ ಇದ್ದರೆ ಹಾಕು ಎಂದಳು. ಮೆಂತ್ಯಕ್ಕಿಂತ ಘಾಟು ಯಾವುದಿದೆ? ಕೊಯ್ದ ಕೈಯನ್ನು ಎಷ್ಟು ತೊಳೆದರೂ ಮರುದಿನದವರೆಗೆ ನಾರುತ್ತದೆ. ನಮ್ಮ ಈ ಊರು ಫೋರ್ಟ್ ಮಿಲ್ಲಿನ ಬೇರೆ ಯಾವ ಜಿಂಕೆಯೂ ಅದನ್ನು ಮೂಸಿರಲಿಕ್ಕಿಲ್ಲ. ನನ್ನ ಜಿಂಕೆಗಳು ಮಾತ್ರ ಪಕ್ಕದಲ್ಲಿದ್ದ ಮೂಲಂಗಿ ಸೊಪ್ಪನ್ನು ಬಿಟ್ಟು ಮೆಂತ್ಯವನ್ನೇ ಹುಡುಕಿ ತಿನ್ನುತ್ತಿದ್ದವು.

ಆ ಎರಡು ಎಕರೆ ಬಿಟ್ಟರೆ ನನಗೆ ಬೇರೇನೂ ಇರಲಿಲ್ಲ. ಹನ್ನೊಂದನೆಯ ತರಗತಿಯ ನಡುವೆ ಶಾಲೆ ಬಿಟ್ಟಿದ್ದೆ. ಬೆಳಿಗ್ಗೆ ಟೈರ್ ಅಂಗಡಿಯ ಕೆಲಸ, ಮಧ್ಯಾಹ್ನದ ಮೇಲೆ ಈ ಜಾಗ. ಅಪ್ಪ ಪಕ್ಕದ ಷಾರ್ಲೆಟ್‌ನ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ವಿಭಾಗದ ಮ್ಯಾನೇಜರು. ಅವರು ಕೊಟ್ಟ ಗಡುವು ದೀಪಾವಳಿಯವರೆಗೆ. ಅಷ್ಟರೊಳಗೆ ಈ ಸೊಪ್ಪಿನ ಬೇಸಾಯ ತನ್ನ ಕಾಲ ಮೇಲೆ ನಿಲ್ಲುತ್ತದೆ ಎಂದು ತೋರಿಸಬೇಕು. ಇಲ್ಲದಿದ್ದರೆ ಬೇರೆ ರಾಜ್ಯದ ಫೇರ್‌ಫ್ಯಾಕ್ಸಿನ ಬದರಿನಾಥ ಮಾವನ ಮನೆಯಲ್ಲಿ ಕೂತು ಪರೀಕ್ಷೆ ಕಟ್ಟಿ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆ ಕಲಿಯಬೇಕು. ಎರಡು ಸಾವಿರದ ಇಸವಿ ಬಂದಾಗ ಲೋಕದ ಕಂಪ್ಯೂಟರೆಲ್ಲ ಕೆಟ್ಟುಹೋಗುತ್ತದಂತೆ, ಅದನ್ನು ರಿಪೇರಿ ಮಾಡಲು ನನ್ನಂಥವನೂ ಬೇಕಾಗುತ್ತದಂತೆ.

ತೋರಿಸುವ ದಾರಿ ಒಂದಿತ್ತು. ಅಟ್ಲಾಂಟಾದ ಹತ್ತಿರ ಡುಲುತ್‌ನಲ್ಲಿ ದಿನಸಿ ಅಂಗಡಿ ಇಟ್ಟ ಸೂರ್ಯನಾರಾಯಣ ಅಂಕಲ್ ಫೋನಿನಲ್ಲಿ ಹೇಳಿದ್ದರು: "ಹಬ್ಬಕ್ಕೆ ಮುಂಚೆ ವ್ಯಾನ್ ಕಳಿಸ್ತೀನಿ ಕಣಯ್ಯ. ಮೆಂತ್ಯ ತುಂಬಿಸಿ ಕೊಟ್ಟೆ ಅಂದ್ರೆ ಮುಂದಿನ ವರ್ಷ ಪೂರ್ತಿ ನಿನ್ನ ಹತ್ರಾನೇ ತಗೋತೀನಿ. ಗುಜರಾತಿಗಳು ಮೆಂತ್ಯ ಇಲ್ಲ ಅಂದ್ರೆ ನನ್ನ ಅಂಗಡಿಗೇ ಬೆಂಕಿ ಇಡ್ತಾರೆ."

ವಾಸನೆಗೆ ಹೆದರಲೆಂದು ಸೋಪು ಕಟ್ಟಿ ನೋಡಿದೆ. ಕ್ಷೌರದಂಗಡಿಯಿಂದ ಕೂದಲು ತಂದು ಚೆಲ್ಲಿದೆ. ತಗಡಿನ ತಟ್ಟೆಗಳನ್ನು ಸಾಲಾಗಿ ತೂಗುಹಾಕಿದೆ. ಜಿಂಕೆ ಹಾರದಷ್ಟು ಎತ್ತರದ ಬೇಲಿ ನನ್ನ ಕೈಗೆ ಎಟುಕುವ ಮಾತಲ್ಲ. ಕೊನೆಗೆ ಮಿಸ್ ಅರ್ಲೀನ್ ಬಳಿಗೆ ಹೋಗಿ ಕೋವಿ ಕೇಳಿದೆ.

ಅವಳಿಗೆ ಎಪ್ಪತ್ತು ದಾಟಿದೆ. ಪೀಚ್ ತೋಟದ ಅರ್ಧ ಮಾರಿದ್ದಳು, ಅಲ್ಲಿಯೇ ನಮ್ಮ ಮನೆಗಳ ಕಾಲೊನಿ ಎದ್ದದ್ದು. ಉಳಿದ ಜಾಗದಲ್ಲಿ ನನಗೆ ಎರಡು ಎಕರೆ ಕೊಟ್ಟಿದ್ದಳು. ಅನ್ವಿತ್ ಎನ್ನಲು ನಾಲಿಗೆ ಹೊರಳದೆ ನನ್ನನ್ನು ಆಂಡಿ ಎನ್ನುತ್ತಾಳೆ. ಹಿಂದಿನ ವರ್ಷ ಅವಳೇ ಗುರಿ ಹೊಡೆಯಲು ಕಲಿಸಿದ್ದಳು, ಖಾಲಿ ಡಬ್ಬಗಳಿಗೆ. ಕೊಂಬಿಲ್ಲದ ಜಿಂಕೆ ಹೊಡೆಯಲು ಅವಳ ಜಾಗಕ್ಕೆ ಸರ್ಕಾರ ಕೊಡುವ ಪರವಾನಗಿ ಚೀಟಿಗಳಲ್ಲಿ ಒಂದೇ ಉಳಿದಿತ್ತು. ಅದನ್ನು ಮೇಜಿನ ಮೇಲಿಟ್ಟು, ಮೇಲೆ ಬೆರಳಿಟ್ಟಳು.

"ಯಾವುದನ್ನು ಹೊಡೀತೀಯ?"

"ತಾಯಿಯನ್ನು."

"ಯಾಕೆ?"

"ಅದೇ ಕರಕೊಂಡು ಬರುವುದು. ಅದರ ಎಡ ಕಿವಿ ಹರಿದಿದೆ, ನನಗೆ ಅದರ ಗುರುತಿದೆ. ಅದರ ಮೇಲೆ ನನಗೆ ಸಿಟ್ಟಿದೆ."

"ಸಿಟ್ಟಿದ್ದರೆ ಡಬ್ಬಕ್ಕೆ ಹೊಡಿ," ಎಂದಳು. ಆಮೇಲೆ ಬೆರಳು ತೆಗೆಯದೆಯೇ ಹೇಳಿದಳು. ಆಗಸ್ಟಿನಲ್ಲಿ ಕೇಳಿದ್ದರೆ ಚೀಟಿಯನ್ನು ಒಲೆಗೆ ಹಾಕುತ್ತಿದ್ದಳಂತೆ. ಮೈಮೇಲೆ ಚುಕ್ಕೆ ಇರುವ ಮರಿ ಹಾಲಿಲ್ಲದೆ ಪೊದೆಯಲ್ಲಿ ಸಾಯುತ್ತದೆ. ಈಗ ಅಕ್ಟೋಬರ್, ಚುಕ್ಕೆ ಹೋಗಿದೆ, ತಾಯಿ ಇಲ್ಲದೆಯೂ ಮರಿಗಳು ಬದುಕುತ್ತವೆ, ಬೇರೆ ಹಿಂಡಿಗೆ ಸೇರಿಕೊಳ್ಳುತ್ತವೆ. ಮರಿಯನ್ನು ಹೊಡೆದರೆ ತಾಯಿ ನಾಳೆಯೂ ಬರುತ್ತದೆ. "ಆದರೆ ಒಂಟಿಯಾಗಿ ಬಂದದ್ದಕ್ಕೆ ಹೊಡೆಯಬೇಡ. ಒಂಟಿಯಾಗಿ ನಿಂತಾಗ ಮರಿಯೂ ದೊಡ್ಡದಾಗಿ ಕಾಣುತ್ತದೆ. ಗಂಡು ಮರಿಗೇ ಧೈರ್ಯ ಹೆಚ್ಚು, ಅದೇ ಮೊದಲು ಬಯಲಿಗೆ ಬರುವುದು. ಮೂರೂ ಒಟ್ಟಿಗೆ ನಿಲ್ಲುವವರೆಗೆ ಕಾಯಿ. ಉದ್ದ ಮುಖದ್ದು ತಾಯಿ, ಮೋಟು ಮುಖದ್ದು ಮರಿ."

ಆಗ ಬೆರಳು ತೆಗೆದಳು. ಬಾಗಿಲವರೆಗೆ ಬಂದು ಇನ್ನೊಂದು ಮಾತು ಸೇರಿಸಿದಳು: ಮೇವು ಇಟ್ಟ ಕಡೆ ಹೊಡೆಯುವುದು ಇಲ್ಲಿ ಕಾನೂನಿಗೆ ವಿರುದ್ಧ, ಅದಕ್ಕಿಂತ ಹೆಚ್ಚಾಗಿ ಅದು ಅವಳಿಗೆ ಅಸಹ್ಯ. ನನ್ನ ಬೆಳೆಯನ್ನೇ ಕಾಯಲಾಗದವನು ಮೇವು ಇಡುತ್ತೇನೆಯೇ ಎಂದು ನಕ್ಕೆ.

ಆ ಸಂಜೆ ಊಟಕ್ಕೆ ಕೂತಾಗ ಅಪ್ಪ ಶುರುಮಾಡಿದರು.

"ಎಂತ ಕೃಷಿಕರೇ, ಇನ್ನು ಎಷ್ಟು ಮೆಂತ್ಯ ಬಾಕಿ ಉಂಟು?"

"ಅರ್ಧಕ್ಕಿಂತ ಜಾಸ್ತಿ ಉಂಟು."

"ಊರಲ್ಲಾದ್ರೆ ಓದದವನಿಗೆ ದನ ಕಾಯ್ಲಿಕ್ಕೆ ಹೋಗು ಅಂತ ಹೇಳ್ಬಹುದಿತ್ತು. ಇಲ್ಲಿ ಕಾಯ್ಲಿಕ್ಕೆ ದನವೂ ಇಲ್ಲ."

"ಜಿಂಕೆ ಉಂಟಲ್ಲ. ಕಾಯ್ತಾ ಇದ್ದೇನೆ."

"ಕಾಯುದಲ್ಲ ಮಾರಾಯ, ಅದಕ್ಕೆ ಸಾಕುದು ಅಂತ ಹೇಳುದು."

ಅಮ್ಮ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ನಾನು ಕೋವಿಯ ವಿಷಯ ಹೇಳಿದೆ. ನಮ್ಮದು ಮೊಟ್ಟೆಯನ್ನೂ ಒಳಗೆ ತಾರದ ಮನೆ. ಕೋವಿ ಮಿಸ್ ಅರ್ಲೀನಳ ಶೆಡ್ಡಿನಲ್ಲೇ ಇರುತ್ತದೆ, ಮಾಂಸವೂ ಅವಳಿಗೇ ಹೋಗುತ್ತದೆ ಎಂದೆ. ಅಪ್ಪ ತಟ್ಟೆ ಸರಿಸಿದರು. "ಮೂರು ತಲೆಮಾರಿನಿಂದ ನಮ್ಮಲ್ಲಿ ಸೊಳ್ಳೆ ಬಿಟ್ರೆ ಬೇರೆ ಎಂತದನ್ನೂ ಹೊಡೆದವರಿಲ್ಲ," ಎಂದು ಎದ್ದು ಕೈ ತೊಳೆದರು.

"ಯಾವುದನ್ನು ಹೊಡಿಯುದು?" ಅಮ್ಮ ಕೇಳಿದಳು.

"ತಾಯಿಯನ್ನು."

"ಕಿವಿ ಹರಿದದ್ದನ್ನಾ?"

"ಹ್ಞೂ, ಅದೇ."

ಹರಿದ ಕಿವಿಯ ಮಾತನ್ನು ನಾನು ಮನೆಯಲ್ಲಿ ಆಡಿರಲೇ ಇಲ್ಲ. ಆಗ ಅದು ತಲೆಗೆ ಹೋಗಲಿಲ್ಲ.

ಮರುದಿನ ಸಂಜೆ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತೆ. ಮನೆಗಳು ದಿಬ್ಬದ ಹಿಂದೆ, ನನ್ನ ಎದುರಿಗೆ ಮೆಂತ್ಯ, ಅದರಾಚೆ ತೊರೆಯ ಏರುದಡ. ಗುಂಡು ತಪ್ಪಿದರೂ ಮಣ್ಣಿಗೇ ಹೋಗುವ ಜಾಗ. ಬಿಸಿಲು ಮರದ ತುದಿಗೆ ಏರಿದಾಗ ಅವು ಬಂದವು. ತಾಯಿ ಮುಂದೆ, ಮರಿಗಳೆರಡೂ ಹಿಂದೆ. ನಾನು ಕೋವಿಯನ್ನು ಹೆಗಲಿಗೆ ಏರಿಸಿ ಅದರ ದುರ್ಬೀನಿನಲ್ಲಿ ಕಣ್ಣಿಟ್ಟೆ. ಹರಿದ ಕಿವಿ ಸ್ಪಷ್ಟವಾಗಿ ಕಂಡಿತು.

ಅದು ಮೆಂತ್ಯಕ್ಕೆ ಬಾಯಿ ಹಾಕಲಿಲ್ಲ. ಸಾಲುಗಳನ್ನು ದಾಟಿ ನೇರವಾಗಿ ನಮ್ಮ ಮನೆಯ ಕಡೆಯ ಅಂಚಿಗೆ, ಅಲ್ಲಿದ್ದ ಮರದ ಬೊಡ್ಡೆಯ ಹತ್ತಿರಕ್ಕೆ ನಡೆಯಿತು. ಬೊಡ್ಡೆಯ ಮೇಲೆ ಏನೋ ಬೆಳ್ಳಗಿತ್ತು. ಮಿಸ್ ಅರ್ಲೀನ್ ಬೆಳೆಯುವ ಕಾಲರ್ಡ್ ಸೊಪ್ಪಿನ ಅಗಲವಾದ ಎಲೆ, ಬಾಳೆ ಎಲೆಯ ಹಾಗೆ ತುದಿಯನ್ನು ಎಡಕ್ಕೆ ಮಾಡಿ ಹಾಸಿದ್ದು. ಮೇಲೆ ಬಟ್ಟಲಲ್ಲಿ ಒತ್ತಿ ಕವುಚಿದ ಅನ್ನ. ಬದಿಗೆ ಬೆಲ್ಲದ ತುಂಡು. ಅದರ ಬದಿಗೆ, ಬೇರು ತೆಗೆದು ಚೊಕ್ಕ ಮಾಡಿದ ಒಂದು ಹಿಡಿ ಮೆಂತ್ಯ.

ಜಿಂಕೆ ಮೊದಲು ಮೆಂತ್ಯ ತಿಂದಿತು.

ಬೆರಳು ಟ್ರಿಗರಿನ ಮೇಲಿತ್ತು. ಇಷ್ಟು ಹತ್ತಿರ ಮುಂದೆಂದೂ ಸಿಗಲಾರದು. ಅಲ್ಲಿ ಅನ್ನ ಇತ್ತು ಎಂದು ನಾನಾಗಿ ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕೋವಿ ಇಳಿಸಿ ಎದ್ದು ನಿಂತೆ. ಮರಿಗಳು ಕಾಡಿಗೆ ಓಡಿದವು. ತಾಯಿ ನನ್ನನ್ನು ನೋಡುತ್ತ ಬೆಲ್ಲ ನೆಕ್ಕಿ ಮುಗಿಸಿ ಆಮೇಲೆ ಹೋಯಿತು.

ಅಮ್ಮ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು.

"ಬೊಡ್ಡೆ ಮೇಲೆ ಅನ್ನ ಇಟ್ಟದ್ದು ನೀನಾ?"

"ಗೋಗ್ರಾಸ," ಎಂದಳು, ತುರಿಯುವುದನ್ನು ನಿಲ್ಲಿಸದೆ. ಊಟಕ್ಕೆ ಮುಂಚೆ ದನಕ್ಕೆಂದು ಒಂದು ತುತ್ತು ತೆಗೆದಿಡದೆ ಅವಳು ಈವರೆಗೆ ಉಂಡವಳಲ್ಲ. ಹಿಂದೆ ಅಪಾರ್ಟ್‌ಮೆಂಟಿನಲ್ಲಿದ್ದಾಗ ಅದನ್ನು ಕೊಳದ ಬಾತುಗಳಿಗೆ ಹಾಕುತ್ತಿದ್ದಳು.

"ಅದು ಗೋವಾ ಅಮ್ಮ?"

"ಗೋವು ಎಲ್ಲಿಂದ ತರುದು ನಾನು? ಇದ್ದದ್ದಕ್ಕೆ ಇಟ್ಟೆ. ಕಣ್ಣು ನೋಡಿದ್ದಿಯಾ ಅದರದ್ದು, ಊರಲ್ಲಿದ್ದ ನಮ್ಮ ಕಪಿಲೆ ದನದ್ದೇ."

"ಮೆಂತ್ಯ ಯಾಕೆ ಇಟ್ಟದ್ದು?"

ತುರಿಮಣೆಯಿಂದ ಕೈ ತೆಗೆದಳು. "ಬಾಣಂತಿ ಅಲ್ವಾ. ಜೂನಲ್ಲಿ ಬಂದಾಗ ಎಲುಬು ಲೆಕ್ಕ ಮಾಡ್ಬಹುದಿತ್ತು. ಎರಡು ಮರಿ ಎಳಿತಾ ಇದ್ರೆ ಹಾಲು ಎಲ್ಲಿಂದ ಬರ್ಬೇಕು? ನಿನ್ನನ್ನು ಹೆತ್ತಾಗ ಅಜ್ಜಿ ನಂಗೆ ಅದನ್ನೇ ತಿನ್ಸಿದ್ದು, ಮೆಂತ್ಯ, ಬೆಲ್ಲ. ಕಾಳು ನೆನೆಸಿ ಇಟ್ಟೆ. ಸುರುವಿಗೆ ಮೂಸಿ ಬಿಟ್ಟಿತು. ಬೆಲ್ಲ ಜಾಸ್ತಿ ಹಾಕಿದೆ. ಮತ್ತೆ ಅಭ್ಯಾಸ ಆಯ್ತು. ನಿನ್ನ ಸೊಪ್ಪು ಬಂದ ಮೇಲೆ ಸೊಪ್ಪೇ ಇಟ್ಟೆ."

ಕಾಲ ಬಳಿ ಇದ್ದ ಬಕೆಟ್ಟನ್ನು ಒದ್ದೆ. ಅದು ಫ್ರಿಜ್ಜಿಗೆ ಬಡಿದು ಅಕ್ಕಿ ತೊಳೆದ ನೀರು ನೆಲವೆಲ್ಲ ಹರಿಯಿತು. ಸದ್ದಿಗೆ ಅಪ್ಪ ಬಂದರು. ನಾನು ಹೇಳಿದೆ, ಕಿರುಚಿಯೇ ಹೇಳಿದೆ. ಇಡೀ ರಾಜ್ಯದಲ್ಲಿ ಮೆಂತ್ಯ ತಿನ್ನುವ ಜಿಂಕೆ ಇದೊಂದೇ, ಅದಕ್ಕೆ ಪಾಠ ಹೇಳಿದ್ದು ನನ್ನ ತಾಯಿ, ಈಗ ಅದು ಮರಿಗಳಿಗೆ ಹೇಳಿಕೊಡುತ್ತಿದೆ ಎಂದೆ.

"ಸರೋಜಿನಿ," ಅಪ್ಪ ಕೇಳಿದರು, "ನೀನು ನನ್ನ ಪಾರ್ಟಿಯಾ? ಗೊತ್ತೇ ಇರ್ಲಿಲ್ಲ."

ಅಮ್ಮ ನಗಲಿಲ್ಲ. ಅಪ್ಪನ ನಗುವೂ ನಿಂತಿತು. ಅವಳು ನೆಲ ಒರೆಸುತ್ತ ಹೇಳಿದಳು, "ತಪ್ಪು ನಂದು. ಅದನ್ನು ಬಿಡು ಅನ್ವಿ. ಹೊಡಿಯಲೇಬೇಕು ಅಂತಾದ್ರೆ ಅದನ್ನು ಬಿಟ್ಟು..."

"ಬಿಟ್ಟು? ಮರಿಯನ್ನಾ?"

ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು. ಆಮೇಲೆ ಬಟ್ಟೆಯನ್ನು ಬಕೆಟ್ಟಿಗೆ ಹಿಂಡಿದಳು.

ಆ ವಾರ ಟೈರ್ ಬಿಚ್ಚುವಾಗಲೂ ಕಟ್ಟುವಾಗಲೂ ನನ್ನ ತಲೆಯಲ್ಲಿ ಅದೊಂದೇ. ಮೂರನ್ನೂ ಬಿಟ್ಟರೆ ವ್ಯಾನಿಗೆ ಹಾಕಲು ಮೂಲಂಗಿ ಮಾತ್ರ ಉಳಿಯುತ್ತದೆ, ನಾನು ಫೇರ್‌ಫ್ಯಾಕ್ಸಿಗೆ ಹೋಗುತ್ತೇನೆ. ಮರಿಯನ್ನು ಹೊಡೆದರೆ ಅಮ್ಮನ ಬಾಣಂತಿ ಉಳಿಯುತ್ತದೆ, ಮುಂದಿನ ಜೂನಿನಲ್ಲಿ ಮತ್ತೆ ಹೆತ್ತು, ಅವಕ್ಕೂ ನನ್ನ ಹೊಲದಲ್ಲೇ ಅನ್ನಪ್ರಾಶನ ಮಾಡುತ್ತದೆ. ಮರಿಗಳಿಗೆ ಮೆಂತ್ಯದ ರುಚಿ ಹತ್ತಿದೆ, ನಿಜ. ಆದರೆ ನಾನು ಎದ್ದು ನಿಂತಾಗ ಅವು ಓಡಿದವು. ನಿಂತದ್ದು ತಾಯಿ. ಮನುಷ್ಯರೆಂದರೆ ಹೆದರಬೇಕಾಗಿಲ್ಲ ಎಂದು ಕಲಿತದ್ದು ಅದೊಂದೇ. ಅದು ಮುಂದೆ ನಡೆಯುವವರೆಗೆ ಮರಿಗಳು ಹಿಂದೆ ಬರುತ್ತವೆ. ಅದಿಲ್ಲದಿದ್ದರೆ ಬೇರೆ ಯಾವುದಾದರೂ ಹಿಂಡಿನ ಹಿಂದೆ ತೊರೆ ದಾಟಿ ಹೋಗುತ್ತವೆ.

ಮೊದಲು ಸಿಟ್ಟಿಗೆ ಹೇಳಿದ್ದೆ, ತಾಯಿಯನ್ನು ಎಂದು. ಈಗ ಸಿಟ್ಟನ್ನು ಬದಿಗಿಟ್ಟು ನೋಡಿದರೂ ಉತ್ತರ ಅದೇ ಬಂತು. ಅದು ನನಗೆ ಇಷ್ಟವಾಗಲಿಲ್ಲ. ಆದರೂ ಅದೇ.

ಮಿಸ್ ಅರ್ಲೀನ್‌ಗೆ ಅನ್ನದ ಸಂಗತಿಯನ್ನೆಲ್ಲ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. "ಎಲೆ, ಅನ್ನ, ಎಲ್ಲ ತೆಗಿ. ಒಂದು ಒಳ್ಳೆಯ ಮಳೆ ಬಂದು ಆ ಬೊಡ್ಡೆ ತೊಳೆದುಹೋಗಲಿ, ಆಮೇಲೂ ಕೆಲವು ದಿನ ಹೋಗಲಿ. ಅಲ್ಲಿವರೆಗೆ ಕೋವಿ ಕೊಡುವುದಿಲ್ಲ," ಎಂದಳು. ಹಬ್ಬ ಹತ್ತಿರ ಬರುತ್ತಿದೆ ಎಂದೆ. ಅವಳಿಗೆ ನಮ್ಮ ಹಬ್ಬದ ಗೊಡವೆ ಇರಲಿಲ್ಲ.

ಬೊಡ್ಡೆಯ ಮೇಲಿನದನ್ನು ತೆಗೆಯಲು ನಾನೇ ಹೊರಟೆ. ಅಮ್ಮ ತಡೆದಳು. "ಇಟ್ಟವಳು ನಾನು," ಎಂದು ಸ್ಟೀಲಿನ ತಟ್ಟೆ, ಸೌಟು ಹಿಡಿದುಕೊಂಡು ನನ್ನ ಹಿಂದೆಯೇ ಬಂದಳು. ಬೊಡ್ಡೆಯನ್ನು ನೀರು ಹೊಯ್ದು ಉಜ್ಜಿದಳು. ಆಮೇಲೆ ಅಲ್ಲೇ ನಿಂತು ಕಾದಳು.

ಜಿಂಕೆ ಹೊತ್ತಿಗೆ ಸರಿಯಾಗಿ ಬಂತು. ಅಮ್ಮನನ್ನು ಕಂಡದ್ದೇ ಕತ್ತು ನೀಡಿ ಹತ್ತಿರಕ್ಕೆ ನಡೆಯಿತು. ಅಮ್ಮ ತಟ್ಟೆಗೆ ಸೌಟಿನಿಂದ ಬಡಿದಳು. ಅದು ನಿಂತಿತು, ಓಡಲಿಲ್ಲ. ತಟ್ಟೆ ಎಂದರೆ ಊಟ ಎಂದು ತಿಳಿಯಿತೋ ಏನೋ, ಇನ್ನೊಂದು ಹೆಜ್ಜೆ ಮುಂದೆ ಬಂತು. ಅಮ್ಮ ಬಗ್ಗಿ ಮಣ್ಣಹೆಂಟೆ ಎತ್ತಿ ಎಸೆದಳು. ಹೆಂಟೆ ಅದರ ಎದೆಗೆ ಬಡಿದು ಪುಡಿಯಾಯಿತು. ಆಗ ಅದು ಬಾಲ ಎತ್ತಿ ಹಾರಿತು, ಬಿಳಿ ಬಾಲ ಮರಗಳ ನಡುವೆ ಕಾಣದಾಗುವವರೆಗೂ ಅಮ್ಮ ತಟ್ಟೆ ಬಡಿಯುತ್ತಲೇ ಇದ್ದಳು. ಮನೆಗೆ ಬಂದು ನೋಡಿದರೆ ತಟ್ಟೆಯ ಅಂಚು ತಗ್ಗಾಗಿತ್ತು.

"ಇನ್ನು ಬರುದಿಲ್ವೇನೋ," ಎಂದಳು. ಹಾಗಾಗಲಿ ಎಂದು ಅವಳಿಗೆ ಆಸೆ. ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ಎರಡು ದಿನ ಬರಲಿಲ್ಲ. ಮೂರನೆಯ ದಿನ ಮಳೆ ಬಂತು, ಇಡೀ ದಿನ ಹೊಯ್ಯಿತು. ಮಳೆ ನಿಂತ ಮರುದಿನವೇ ತೊರೆಯ ಕಡೆಯಿಂದ ಇನ್ನೂ ಒಂದಿಷ್ಟು ಮೆಂತ್ಯ ಹೋಗಿತ್ತು. ಬೊಡ್ಡೆಯ ಹತ್ತಿರ ಗೊರಸಿನ ಗುರುತಿರಲಿಲ್ಲ. ಅವಕ್ಕೆ ಈಗ ಅಮ್ಮ ಬೇಕಾಗಿರಲಿಲ್ಲ, ಮೆಂತ್ಯವೇ ಬೇಕಾಗಿತ್ತು.

ಮಿಸ್ ಅರ್ಲೀನ್ ತಾನೇ ಬಂದು ಬೊಡ್ಡೆ ನೋಡಿ, ದಿನ ಎಣಿಸಿ, ಕೋವಿ ಕೊಟ್ಟಳು. ಹೊರಡುವಾಗ ಅಮ್ಮ ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಸೀರೆಯ ಮೇಲೆ ಅಪ್ಪನ ಕಂದು ಜಾಕೆಟ್ಟು. ಸದ್ದಾಗಬಾರದೆಂದು ಬಳೆಗಳಿಗೆ ಕೂದಲಿನ ರಬ್ಬರ್ ಬ್ಯಾಂಡ್ ಸುತ್ತಿದ್ದಳು.

"ನೀನೆಲ್ಲಿಗೆ?"

"ನಾನು ಇರ್ತೇನೆ."

"ನೋಡ್ಲಿಕ್ಕೆ ಆಗುದಿಲ್ಲ ನಿನಗೆ."

"ತಿನ್ಲಿಕ್ಕೆ ಕೊಡುವಾಗ ನೋಡಿದ್ದೇನಲ್ಲ. ನಡಿ."

ಓಕ್ ಮರದ ಬುಡದಲ್ಲಿ ಇಬ್ಬರೂ ಕೂತೆವು. ಬೆಳಕು ಇಳಿಯುತ್ತ ಬಂತು. ಮೆಂತ್ಯದ ಹಸಿರು ಕಪ್ಪಾಗುತ್ತಿತ್ತು. ಕೊನೆಗೂ ತೊರೆಯ ಕಡೆಯಿಂದ ಒಂದು ಜಿಂಕೆ ಬಯಲಿಗೆ ಬಂತು. ದೊಡ್ಡದು. ತಲೆ ತಗ್ಗಿಸಿ ತಿನ್ನತೊಡಗಿತು. ನನ್ನ ಮೆಂತ್ಯ ಅದರ ಬಾಯಲ್ಲಿ ಕಿತ್ತುಬರುವ ಸದ್ದು ಕೇಳುತ್ತಿತ್ತು. ಕೋವಿ ಹೆಗಲಿಗೇರಿತು. ಭುಜದ ಹಿಂದೆ ಗುರಿ ಕೂತಿತು. ಒಳಗೆ ಆ ಸಿಟ್ಟೆಲ್ಲ ಒಮ್ಮೆಗೇ ಎದ್ದು ಬಂತು, ಅಪ್ಪ, ಕೋಬಾಲು, ಶಾಲೆ, ಅಲಸಂದೆ, ಎಲ್ಲ. ಉಸಿರು ಬಿಟ್ಟೆ.

ಅಮ್ಮನ ಕೈ ನನ್ನ ಮೊಣಕೈ ಮೇಲೆ ಬಂತು. ಒತ್ತಲಿಲ್ಲ, ಸುಮ್ಮನೆ ಇಟ್ಟಳು. ತಡೆಯಲಿಕ್ಕೇ ಬಂದಳು ಎಂದುಕೊಂಡು ಹಲ್ಲು ಕಚ್ಚಿದೆ.

"ಅದು ಮಗ," ಎಂದಳು, ಉಸಿರಿನಲ್ಲೇ. "ಅದಕ್ಕೆ ಯಾವಾಗಲೂ ಅವಸರ. ತಾಯಿ ಹಿಂದೆ ಉಂಟು."

ದುರ್ಬೀನಿನಲ್ಲಿ ಮತ್ತೆ ನೋಡಿದೆ. ಮುಖ ಮೋಟು. ಎರಡು ಕಿವಿಯೂ ಸರಿಯಾಗಿದ್ದವು. ಮಿಸ್ ಅರ್ಲೀನ್ ಹೇಳಿದ್ದು ಇದನ್ನೇ, ನಾನು ತಲೆಯಾಡಿಸಿ ಬಂದದ್ದು ಇದಕ್ಕೇ. ಬೆರಳನ್ನು ಟ್ರಿಗರಿನಿಂದ ತೆಗೆದೆ.

ಕಾದೆವು. ಎರಡನೆಯದು ಬಂತು, ಅದೂ ಮೋಟು ಮುಖದ್ದು. ಕೊನೆಗೆ ತಾಯಿ ಮರಗಳ ಅಂಚಿನಲ್ಲಿ ಕಾಣಿಸಿಕೊಂಡು, ನಮ್ಮ ಕಡೆ ಕಿವಿ ತಿರುಗಿಸಿ ಬಹಳ ಹೊತ್ತು ನಿಂತಿತು. ಅಮ್ಮ ನನ್ನ ಮೊಣಕೈ ಬಿಟ್ಟಳು. ತಾಯಿ ಮರಿಗಳ ಪಕ್ಕಕ್ಕೆ ನಡೆದು ಬಂತು. ಮೂರೂ ಒಟ್ಟಿಗಿದ್ದವು, ಈಗ ಯಾವ ಸಂಶಯವೂ ಇರಲಿಲ್ಲ. ಅದು ಮರಿಯಿಂದ ಒಂದು ಹೆಜ್ಜೆ ದೂರ ಸರಿದು ಪೂರ್ತಿ ಅಡ್ಡಕ್ಕೆ ನಿಲ್ಲುವವರೆಗೆ ತಡೆದು, ಹೊಡೆದೆ.

ಅದು ಮುಂಗಾಲು ಮಡಚಿ ಮೆಂತ್ಯದೊಳಗೇ ಕುಸಿಯಿತು. ಮರಿಗಳು ಅಂಚಿನವರೆಗೆ ಓಡಿ, ನಿಂತು, ತಿರುಗಿ ನೋಡಿದವು. ಆಮೇಲೆ ಗಂಡು ಮರಿ ಮುಂದಾಗಿ ತೊರೆಯ ಕಡೆ ಇಳಿಯಿತು, ಇನ್ನೊಂದು ಅದರ ಹಿಂದೆ ಹೋಯಿತು. ಅಮ್ಮ ಕಣ್ಣು ಮುಚ್ಚಿರಲಿಲ್ಲ. ಅವು ಹೋದ ದಿಕ್ಕನ್ನು ನೋಡಿ, ಎದ್ದು, ದಿಬ್ಬ ಹತ್ತಿ ಮನೆಗೆ ಹೋದಳು.

ಮಿಸ್ ಅರ್ಲೀನ್ ಲಾಟೀನು ಹಿಡಿದಳು, ಕೆಲಸ ನನ್ನಿಂದಲೇ ಮಾಡಿಸಿದಳು. ಚಾಕು ಹಾಕುವ ಮೊದಲು ಕೆಚ್ಚಲು ನೋಡು ಎಂದಳು. ಹಿಂಡಿ ನೋಡಿದೆ. ಸಣ್ಣಗೆ, ಒಣಗಿ ಹೋಗಿತ್ತು. ಅವಳು ತಲೆಯಾಡಿಸಿದಳು, ಅಷ್ಟೇ.

ಮನೆಗೆ ಬಂದಾಗ ಅಮ್ಮ ತಲೆಗೆ ಸ್ನಾನ ಮಾಡಿ ಒದ್ದೆ ಕೂದಲು ಬಿಟ್ಟು ಕೂತಿದ್ದಳು. ನಾನು ಹೊಸ್ತಿಲ ಹೊರಗೇ ನಿಂತು ಹೇಳಿದೆ.

"ಹಾಲು ಬತ್ತಿತ್ತು ಅಮ್ಮ. ಮರಿಗಳು ಕುಡಿಯುದು ಬಿಟ್ಟು ಸುಮಾರು ಸಮಯ ಆಗಿದೆ."

"ನೀನೇ ನೋಡಿದ್ಯಾ?"

"ಕೈಯಲ್ಲಿ ಹಿಂಡಿ ನೋಡಿದೆ."

"ಹ್ಞೂ," ಎಂದಳು. ಕೂದಲು ಗಂಟು ಹಾಕುತ್ತ, "ಹಿತ್ತಿಲ ಪೈಪಿನಲ್ಲಿ ಮಿಂದು ಬಾ. ಊಟ ಉಂಟು."

ಮರಿಗಳು ಒಮ್ಮೆ ಬಂದವು. ಅಮ್ಮನ ತಗ್ಗಾದ ತಟ್ಟೆಯನ್ನು ಬಡಿಯುತ್ತ ನಾನು ದಿಬ್ಬದಿಂದ ಓಡಿ ಇಳಿದೆ. ಅವು ಹಾರಿಹೋದವು, ಮತ್ತೆ ಬರಲಿಲ್ಲ. ಹಬ್ಬದ ಹಿಂದಿನ ದಿನ ಡುಲುತ್‌ನ ವ್ಯಾನ್ ಬಂತು. ಕೊಯ್ದು ಕಟ್ಟಿದ ಮೆಂತ್ಯ ಮುಕ್ಕಾಲು ವ್ಯಾನ್ ತುಂಬಿತು, ಉಳಿದ ಜಾಗಕ್ಕೆ ಮೂಲಂಗಿ ಒತ್ತಿದೆವು. ಒತ್ತಿದೆವು ಎಂದರೆ ನಾನು ಮತ್ತು ಅಪ್ಪ. ಆಫೀಸಿನ ಅಂಗಿಯ ತೋಳು ಮಡಚಿ ಕ್ರೇಟು ಎತ್ತಿಕೊಟ್ಟರು. ಡ್ರೈವರ್ ಫೋನಿನಲ್ಲಿ ಸೂರ್ಯನಾರಾಯಣ ಅಂಕಲ್‌ಗೆ ಲೆಕ್ಕ ಒಪ್ಪಿಸಿ ಫೋನನ್ನು ನನ್ನ ಕೈಗೆ ಕೊಟ್ಟ.

"ಪೂರ್ತಿ ಇಲ್ವಂತಲ್ಲಪ್ಪ."

"ಇಲ್ಲ ಅಂಕಲ್. ಮುಂದಿನ ಸಲ ಪೂರ್ತಿ ಇರ್ತದೆ."

"ಮುಂದಿನ ಸಲ ಯಾವಾಗ?"

"ಕತ್ತರಿಸಿದ್ದು ಮತ್ತೆ ಚಿಗುರ್ತದೆ. ಚಳಿ ಹಿಡಿಯುವ ಮೊದಲು ಇನ್ನೊಂದು ಕೊಯ್ಲು. ತಿನ್ಲಿಕ್ಕೆ ಈಗ ಯಾರೂ ಇಲ್ಲ."

"ಸರಿ, ಕಳಿಸ್ತೀನಿ ವ್ಯಾನು," ಎಂದರು.

ಅಪ್ಪ ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಂಡರು. "ಬದರಿಗೆ ಫೋನ್ ಮಾಡಿ ಹೇಳ್ಬೇಕು," ಎಂದರು, "ಕಂಪ್ಯೂಟರಿಗೆ ಬೇರೆ ಯಾರನ್ನಾದ್ರೂ ನೋಡ್ಲಿಕ್ಕೆ." ಕೈ ಮೂಸಿ ಮುಖ ಸಿಂಡರಿಸಿದರು. "ಇದು ಎಷ್ಟು ದಿನ ನಾರ್ತದೆ ಮಾರಾಯ?"

ಮಧ್ಯಾಹ್ನ ಊಟಕ್ಕೆ ಕೂತೆವು. ಅಮ್ಮ ಎಂದಿನಂತೆ ಮೊದಲ ತುತ್ತನ್ನು ಬಟ್ಟಲಲ್ಲಿ ಒತ್ತಿ ಎಲೆಯ ಮೇಲೆ ಕವುಚಿದಳು, ಬೆಲ್ಲ ಇಟ್ಟಳು. ಎಲೆ ಎತ್ತಿಕೊಂಡು ಹಿತ್ತಿಲ ಬಾಗಿಲವರೆಗೆ ಹೋಗಿ ನಿಂತಳು. ಅಪ್ಪನೂ ನಾನೂ ಕೈ ಕಟ್ಟಿ ಕೂತು ನೋಡುತ್ತಿದ್ದೆವು. ಅವಳು ತಿರುಗಿ ಬಂದು ಎಲೆಯನ್ನು ನನ್ನ ತಟ್ಟೆಯ ಪಕ್ಕಕ್ಕೆ ಇಟ್ಟಳು.

"ತಿನ್ನು," ಎಂದಳು. "ಇನ್ನು ನಿನ್ನ ಬೆನ್ನ ಹಿಂದೆ ಯಾವುದಕ್ಕೂ ಇಡುದಿಲ್ಲ. ಎಂತದು ತಿಂದ್ರೂ ನಿನ್ನ ಕಣ್ಣೆದುರಿಗೇ ತಿನ್ಲಿ."